ಮಾವನ ಲಾರಿ ಟಕ್ ಅಂದದ್ದು

ಸೈನ್ಯದ ಹರಾಜಿನಲ್ಲಿ ಮಾವ ತಂದ ಹಳೇ ಲಾರಿ ಅಂಗಳದಲ್ಲಿ ನಿಂತ ಮೇಲೆ ಅತ್ತೆಗೆ ಬಟ್ಟೆ ಒಣಗಿಸಲು ಬಿಸಿಲೇ ಸಿಗದಂತಾಗಿತ್ತು. ಅದು ಓಡುತ್ತಿದ್ದಷ್ಟು ದಿನ ಹೇಗೋ ಹಲ್ಲು ಕಚ್ಚಿಕೊಂಡು ಸುಮ್ಮನಿದ್ದರು. ಹತ್ತು ದಿನದಿಂದ ಸ್ಟಾರ್ಟೇ ಆಗದೆ ಕೂತಾಗ ಗುಜರಿಯವನಿಗೆ ಹೇಳಿ ಕಳಿಸಿಬಿಟ್ಟರು. ಇವತ್ತು ನಾಲ್ಕು ಗಂಟೆಗೆ ಅವನು ಬರುವವನಿದ್ದ. ಅಷ್ಟರೊಳಗೆ ಸ್ಟಾರ್ಟ್ ಆಗಿ, ಇನ್ನು ಕೆಡುವುದಿಲ್ಲ ಎಂದು ತಮಗೆ ನಂಬಿಕೆ ಬಂದರೆ ಮಾತ್ರ ಲಾರಿ ಉಳಿಯುತ್ತದೆ ಎಂದು ಅತ್ತೆ ಖಡಾಖಂಡಿತವಾಗಿ ಹೇಳಿದ್ದರು.

ಸೊಸೆ ಗ್ಯಾರೇಜಿನಲ್ಲಿ ವೈರಿಂಗ್ ಕೆಲಸದವಳು. ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವವಳನ್ನು ಮಾವ ಮಾತ್ರ ತಮ್ಮ ಲಾರಿಯ ಹತ್ತಿರ ಸುಳಿಯಗೊಟ್ಟಿರಲಿಲ್ಲ. ಇಪ್ಪತ್ತಾರು ವರ್ಷ ಸೈನ್ಯದ ಲಾರಿ ಓಡಿಸಿದವರಿಗೆ ಗೊತ್ತಿಲ್ಲದ್ದು ಇವಳಿಗೇನು ಗೊತ್ತು? ಈಗ ಕುತ್ತಿಗೆಗೆ ಬಂದ ಮೇಲೆ ಬಿಂಕ ಬಿಟ್ಟು ಕರೆದಿದ್ದರು.

“ಕೀ ತಿರುಗಿಸಿ ಮಾವ.”

ಟಕ್. ಅಷ್ಟೇ. ದೀಪಗಳು ಮಂಕಾಗಿ ಮತ್ತೆ ಹೊತ್ತಿಕೊಂಡವು.

“ಬ್ಯಾಟರಿ ಸತ್ತಿರಬೇಕು,” ಎಂದರು ಮಾವ. ಸೊಸೆ ಮೀಟರ್ ಹಿಡಿದು ನೋಡಿದಳು. ಎರಡೂ ಬ್ಯಾಟರಿ ಗಟ್ಟಿಮುಟ್ಟಾಗಿದ್ದವು.

“ಹಾಗಾದ್ರೆ ಸ್ಟಾರ್ಟರ್ ಮೋಟರೇ ಹೋಗಿದೆ. ನಂಗೆ ಮೊದಲೇ ಗೊತ್ತಿತ್ತು.”

ಮಾವನಿಗೆ ಎಲ್ಲವೂ ಮೊದಲೇ ಗೊತ್ತಿರುತ್ತಿತ್ತು, ಆದರೆ ಯಾವಾಗಲೂ ಆಮೇಲೆ.

ಸೊಸೆ ದಪ್ಪ ಕೇಬಲ್ಲೊಂದನ್ನು ತಂದು ಬ್ಯಾಟರಿಯ ಮೈನಸ್‌ನಿಂದ ನೇರವಾಗಿ ಎಂಜಿನ್ನಿನ ಮೈಗೆ ಕಚ್ಚಿಸಿದಳು. ಕೀ ತಿರುಗಿಸಿದರೆ ಸ್ಟಾರ್ಟರ್ ಗರಗರ ತಿರುಗಿತು. ಕೇಬಲ್ ತೆಗೆದರೆ ಮತ್ತೆ ಅದೇ ಟಕ್. ಅಂದರೆ ಬ್ಯಾಟರಿ ಸರಿ, ಮೋಟರ್ ಸರಿ. ಕರೆಂಟು ವಾಪಸು ಬರುವ ದಾರಿಯಲ್ಲೇ ಎಲ್ಲೋ ಅಡ್ಡಿಯಿದೆ.

ಗೋಣಿಚೀಲ ಹಾಸಿಕೊಂಡು ಲಾರಿಯಡಿ ನುಸುಳಿದಳು. ಬ್ಯಾಟರಿಯ ಮೈನಸ್‌ನಿಂದ ಬರುವ ಅರ್ತ್ ಕೇಬಲ್ಲನ್ನು ಚಾಸಿಗೆ, ಅಂದರೆ ಲಾರಿಯಡಿಯ ಕಬ್ಬಿಣದ ಚೌಕಟ್ಟಿಗೆ, ಬಿಗಿದಿದ್ದ ಬೋಲ್ಟು ಬಿಚ್ಚಿದ್ದೇ ತಡ, ನಗು ಬಂತು. ಕೇಬಲ್ಲಿನ ಕೆಳಗೆ ಹಸಿರು ಬಣ್ಣ ದಪ್ಪಗೆ ಮಿರಮಿರ ಮಿಂಚುತ್ತಿತ್ತು. ಸೈನ್ಯದಲ್ಲಿ ತಪಾಸಣೆಗೆ ಮುಂಚೆ ಅಲ್ಲಾಡದ ವಸ್ತುಗಳಿಗೆಲ್ಲ ಬಣ್ಣ ಬಳಿದು ಪಳಗಿದ ಕೈ ಮಾವನದು. ಮನೆಗೆ ಬಂದ ಮೇಲೂ ಗೇಟು, ನಲ್ಲಿ, ಅತ್ತೆಯ ಕುರ್ಚಿ, ಯಾವುದನ್ನೂ ಬಿಟ್ಟಿರಲಿಲ್ಲ. ಹತ್ತು ದಿನದ ಹಿಂದೆ ಕೇಬಲ್ ಬಿಚ್ಚಿ, ಆ ಜಾಗಕ್ಕೂ ಎರಡು ಕೋಟು ಬಳಿದು, ಮತ್ತೆ ನೀಟಾಗಿ ಬಿಗಿದಿದ್ದರು. ಬಣ್ಣದ ಮೂಲಕ ಕರೆಂಟು ಹರಿಯುವುದಿಲ್ಲ. ದೀಪಕ್ಕೆ ಸಾಲುವಷ್ಟು ಬೋಲ್ಟಿನ ಸಂದಿಯಿಂದ ಹೇಗೋ ನುಸುಳುತ್ತಿತ್ತು, ಸ್ಟಾರ್ಟರಿಗೆ ಅದೆಲ್ಲಿ ಸಾಕು?

ಹೇಳಿದರೆ ಮಾವನ ಮುಖ ಏನಾದೀತು ಎಂದು ನೆನೆದು ಅವಳಿಗೆ ಸಂಕಟವಾಯಿತು. ಸದ್ದಿಲ್ಲದೆ ಉಪ್ಪುಕಾಗದದಿಂದ ಬಣ್ಣ ಉಜ್ಜಿ ತೆಗೆದು, ಕಬ್ಬಿಣ ಬೆಳ್ಳಗಾದ ಮೇಲೆ ಬೋಲ್ಟು ಬಿಗಿದಳು. ಅವಳು ಹೊರಬಂದ ಮೇಲೆ ಮಾವ ಕೀ ತಿರುಗಿಸಿದರು; ಒಂದೇ ತಿರುವಿಗೆ ಲಾರಿ ಗುಡುಗಿತು.

ಸದ್ದು ಕೇಳಿ ಅತ್ತೆ ಹೊರಬಂದರು. ಗುಜರಿಯವನೂ ಆಗಲೇ ಗೇಟಿನಲ್ಲಿದ್ದ.

“ಏನಾಗಿತ್ತಂತೆ?”

“ಕೇಬಲ್ ಸ್ವಲ್ಪ ಸಡಿಲ ಆಗಿತ್ತು ಅತ್ತೆ.”

“ಇವತ್ತು ಸಡಿಲ ಆಗಿದ್ದು ನಾಳೆನೂ ಆಗುತ್ತೆ. ಇದು ಮುಗಿಯೋ ಕಥೆ ಅಲ್ಲ. ತಗೊಂಡು ಹೋಗಪ್ಪ.”

ಮಾವನ ಮಾನ ಉಳಿಸಲು ಹೋಗಿ ಸೊಸೆ ತಾನೇ ಅವರ ಲಾರಿಯನ್ನೇ ಕಳೆದಂತಾಯಿತಲ್ಲ. ಮಾವ ಎಂಜಿನ್ ಆರಿಸಿ ಕೆಳಗಿಳಿದರು. ಅವಳ ತೋಳಿನ ಮೇಲೆ ಉದುರಿದ್ದ ಹಸಿರು ಪುಡಿಯನ್ನೇ ನೋಡಿದರು. ಹೆಂಡತಿಯ ಎದುರು ಬಂದು ನಿಂತರು.

“ಸಡಿಲಗಿಡಿಲ ಏನೂ ಆಗಿರಲಿಲ್ಲ ಕಣೇ. ಕೇಬಲ್ ಕೆಳಗೆ ನಾನೇ ಬಣ್ಣ ಬಳಿದಿದ್ದೆ. ತಪ್ಪು ನಂದು.”

ಅತ್ತೆ ಸೊಸೆಯ ಮುಖ ನೋಡಿದರು, ಗಂಡನ ಮುಖ ನೋಡಿದರು. ಆಮೇಲೆ ಗುಜರಿಯವನ ಕಡೆ ತಿರುಗಿದರು.

“ನೀನು ಹೋಗಿ ಬಾರಪ್ಪ. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಇವರ ಬಾಯಿಂದ ಈ ಮಾತು ಕೇಳಿರಲಿಲ್ಲ. ಈ ಲಾರಿ ಇನ್ನೂ ಏನೇನು ಹೇಳಿಸುತ್ತೋ ನೋಡ್ತೀನಿ. ಇರ್ಲಿ ಬಿಡು.”