ಮೂರನೇ ಸಾಲಿನಲ್ಲಿ ನಿಲ್ಲುವ ಹಾಡು

ನಿಪ್ಪಾಣಿಯ ಪೇಟೆಯ ನಡುವೆ ಮದುವೆ ಮೆರವಣಿಗೆ ನಿಂತು ಅರ್ಧ ತಾಸಾಗಿತ್ತು. ವರನ ಕುದುರೆಗೇ ಬೇಸರ ಬಂದಿತ್ತು, ಇನ್ನು ಬ್ಯಾಂಡಿನ ನಬಿಸಾಬನ ಪಾಡು ಕೇಳಬೇಕೆ? ಅವನು ಕ್ಲಾರಿನೆಟ್ಟಿನಲ್ಲಿ ನುಡಿಸಿದ ಪ್ರೇಮದ ಹಾಡು ಯಾರದೆಂದು ಬೀಗರಿಬ್ಬರು ಜಗಳಕ್ಕೆ ನಿಂತಿದ್ದರು.

"ಇದು ಕನ್ನಡ ನಾಟಕದ್ದರಿ. ನಮ್ಮಪ್ಪಾರು ಐನಾಪುರದಾಗ ನೋಡ್ಯಾರ," ಎಂದರು ಹೆಣ್ಣಿನ ತಂದೆ ಭಾವುಸಾಹೇಬರು.

"ಛೇ, ಮರಾಠಿ ತಮಾಶಾದ್ದು. ನಮ್ಮ ಆಯಿ ಹಾಡತಿದ್ಲು," ಎಂದರು ಗಂಡಿನ ತಂದೆ ತಾತ್ಯಾಸಾಹೇಬರು.

"ನಾ ಕಟ್ಟಿದ್ದರಿ ಅದು," ಎಂದ ನಬಿಸಾಬ.

ಜಗಳ ಮರೆತು ಇಬ್ಬರೂ ಒಟ್ಟಿಗೆ ನಕ್ಕರು. ನಲವತ್ತು ವರ್ಷದಿಂದ ಇದೇ ನಗು ಕೇಳಿ ಅವನ ತಲೆ ಕೆಟ್ಟಿತ್ತು. ಅವನು ಕಟ್ಟಿದ್ದು ಬರೀ ಧಾಟಿ. ಚಿಕ್ಕೋಡಿಯವರು ಅದಕ್ಕೊಂದು ಮಾತು ಕೂಡಿಸಿದರು, ರಾಯಬಾಗದವರು ಇನ್ನೊಂದು. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಅದನ್ನು ಹಳೆಯ ಹಿಂದಿ ಹಾಡೆಂದೂ ಹಾಕಿದ್ದ. ಎಲ್ಲರಿಗೂ ಪ್ರಾಣ ಅದರ ಮೂರನೇ ಸಾಲು. ಅಲ್ಲಿ ಸ್ವರ ಥಟ್ಟನೆ ನಿಲ್ಲುತ್ತದೆ, ಕುಣಿಯುವವರು ಎತ್ತಿದ ಕೈ ಇಳಿಸದೆ ಕಾಯುತ್ತಾರೆ, ಸ್ವರ ಮರಳಿದೊಡನೆ ಹುಚ್ಚೆದ್ದು ಕುಣಿಯುತ್ತಾರೆ.

ಊರವರು ನಂಬದಿದ್ದರೆ ಹಾಳಾಗಿ ಹೋಗಲಿ. ಯಾರಿಗಾಗಿ ಕಟ್ಟಿದನೋ ಆ ಹೆಂಡತಿ ಮದಿನಾಬಿಯೂ ನಂಬಲಿಲ್ಲವೆಂಬುದೇ ಅವನ ಹೊಟ್ಟೆಯುರಿ. ಮದುವೆಯ ಹೊಸದರಲ್ಲಿ ಹೇಳಿದಾಗ ಅವಳು "ಹೂಂ" ಎಂದು ರೊಟ್ಟಿ ಬಡಿಯುತ್ತಲೇ ಇದ್ದಳು. ಆಮೇಲೆ ಅವನು ಆ ಮಾತೆತ್ತಲಿಲ್ಲ.

ಸಂಜೆ ಮನೆಗೆ ಬಂದವನೇ ಕ್ಲಾರಿನೆಟ್ಟನ್ನು ಪೆಟ್ಟಿಗೆಗೆ ತುರುಕಿದ. "ಇನ್ನ ಆ ಹಾಡ ಬಾರಸೂದಿಲ್ಲ. ಯಾರದೈತೋ ಅವರ ಬಾರಿಸ್ಕೊಳ್ಳಲಿ."

ಮದಿನಾಬಿ ಚಹಾ ಸೋಸುತ್ತಿದ್ದಳು. "ಮೂರನೇ ಸಾಲಿನ್ಯಾಗ ಯಾಕ ನಿಲ್ಲಸ್ತೀರಿ?"

"ಅದು ಇರೂದ ಹಂಗ."

"ಮೊದಲ ಹಂಗ ಇರಲಿಲ್ಲ. ನಾ ತಂಬಾಕ ತುಂಬಿಡೂ ವಖಾರಕ್ಕ ಕೆಲಸಕ್ಕ ಬರತಿದ್ದೆ. ನೀವು ಬಾಗಲದಾಗ ನಿಂತ ಬಾರಸಾಕತ್ತಿದ್ರಿ. ತಂಬಾಕದ ಧೂಳ ಮೂಗಿಗೆ ಹೋಗಿ ನಡುವ ಸೀನಿದ್ರಿ. ನಾ ನಕ್ಕೆ. ಮರುದಿನದಿಂದ ನೀವು ಅಲ್ಲೇ ನಿಲ್ಲಸಾಕತ್ತಿದ್ರಿ."

ನಬಿಸಾಬನ ಕೈ ಪೆಟ್ಟಿಗೆಯ ಮೇಲೆಯೇ ಉಳಿಯಿತು. ಆ ಸೀನನ್ನು ಅವನೇ ಮರೆತಿದ್ದ.

"ಮತ್ತ ಇಷ್ಟ ವರ್ಷ ಯಾಕ ಹೇಳಲಿಲ್ಲ ನೀ?"

"ಅವತ್ತ ಹೂಂ ಅಂದೀನಲ್ರಿ. ಎಷ್ಟ ಸಲ ಅನಬೇಕು?"

ಅವನಿಗೆ ಸಿಟ್ಟೂ ಬಂತು, ಸಿಟ್ಟಿಗಿಂತ ಹೆಚ್ಚು ಸಂತೋಷವೂ ಆಯಿತು. ಕ್ಲಾರಿನೆಟ್ಟನ್ನು ಮತ್ತೆ ಹೊರತೆಗೆದು ನುಡಿಸಿದ. ಮೂರನೇ ಸಾಲಿಗೆ ಬಂದು ನಿಲ್ಲಿಸಿದ. ಚಹಾದ ಬಸಿ ಹಿಡಿದುಕೊಂಡೇ ಮದಿನಾಬಿ ನಕ್ಕಳು.