ಎಚ್ಚರಿದ್ದವರ ಕಂಬಳಿ

ನಿಂಬೆ ಎಲೆ ಜಗಿದ ವಾಸನೆ, ಕುರಿಯೊಂದು ತೋಟಕ್ಕೆ ಬಾಯಿ ಹಾಕಿರಬೇಕು, ಹೊಡೆಯಬೇಕು, ತೋಟದವರು ಬಾಯಿಗೆ ಬಂದಂತೆ ಬೈತಾರೆ, ಆದರೂ ಶೇವಂತೆವ್ವ ಏಳಲಿಲ್ಲ — ಎದುರಿಗೆ ಸಲ್ಮಾನ ಚಹಾದ ಬಸಿ ಹಿಡಿದುಕೊಂಡೇ ಕೂತಿದ್ದಾನೆ, ಕುಡಿಯುತ್ತಿಲ್ಲ, ತಾಳಿಕೋಟೆಯ ಹುಡುಗ, ಮಗ ಯುವರಾಜನ ಪಲ್ಟನ್ನಿನವನು, ಯುವರಾಜ ಹಿಮದಲ್ಲಿ ಸತ್ತು ವರ್ಷ ತುಂಬಿದ ಮೇಲೆ ರಜೆ ಸಿಕ್ಕು ಬಂದಿದ್ದಾನೆ, ಮಗ ಚಿಕ್ಕಂದಿನಲ್ಲಿ ಹೊದೆಯುತ್ತಿದ್ದ ಸಣ್ಣ ಕಂಬಳಿಯನ್ನೇ ಹಾಸಿ ಕೂರಿಸಿದ್ದಾಳೆ. ಹೆಣ ತಂದ ಸಾಹೇಬರು ಒಂದು ಶಬ್ದ ಹೇಳಿ ಹೋಗಿದ್ದರು, ಬಿವ್ವಾಕ್, ಬಿವ್ವಾಕಿನಲ್ಲಿ ತೀರಿಕೊಂಡ ಎಂದು, ಗಟ್ಟಿ ಕಟ್ಟಡವಿರಬೇಕು ಅಂದುಕೊಂಡಿದ್ದಳು, ಕಲ್ಲಿನ ಗೋಡೆ, ತಗಡಿನ ಚಾವಣಿ, ಒಳಗೊಂದು ಒಲೆ — ವರ್ಷವಿಡೀ ಮನಸ್ಸಿನಲ್ಲೇ ಅದರೊಳಗೆ ಮಗನನ್ನು ಮಲಗಿಸಿ ತಾನು ಕುರಿಗಳ ನಡುವೆ ಮಲಗಿದ್ದಳು. ಹಂಗಂದ್ರ ಏನ ತಮ್ಮಾ, ಮನೀನ? ಅಲ್ರಿ ಅವ್ವಾ, ಡೇರೆ ಸುದ್ದಾ ಇರಂಗಿಲ್ಲ, ಹೊತ್ತು ಮುಳುಗಿದಲ್ಲೇ ಬಯಲಾಗ ಒರಗೂದು, ಗುಡ್ಡ ಏರೂ ಮಂದೀನೂ ಹಂಗ ಅಂತಾರ. ಬಯಲಾಗ. ಅಯ್ಯ ಶಿವನೇ, ಬಯಲಾಗ! ಇಂಡಿ ತಾಲೂಕಿನ ಹೊಲ ಹೊಲ ತಿರುಗಿ ಬಯಲಾಗ ಬಿದ್ಕೊಂಡಿದ್ದು ನಮಗ ಸಾಕು, ನೀನರೆ ಚಾವಣಿ ಕೆಳಗ ಮಲಗಪಾ, ಅಂತ ಬೆನ್ನು ಬಿದ್ದು ಮಿಲಿಟರಿಗೆ ಕಳಿಸಿದ್ದು ಯಾರು, ತಾನೇ, ಗಂಡ ಸಂಗಣ್ಣ ಬೇಡವೆಂದರೂ ತಾನೇ. ಸಲ್ಮಾನ ಇನ್ನೂ ಹೇಳುತ್ತಿದ್ದಾನೆ, ಸುಮ್ಮನಿರಲು ಅಂಜಿಕೆಯೇನೋ, ಪರದೇಶದ ಹಳೇ ಮಾತಂತ್ರಿ ಅದು, ಊರು ಕಾಯೂ ಪಹರೆದವರ ಸಂಗಾಟ ಇನ್ನೊಬ್ಬಾವ ಎಚ್ಚರ ಕೂಡೂದಕ್ಕ ಅಂತಿದ್ರಂತ, ನಮಗ ಟ್ರೇನಿಂಗ್ ಕೊಟ್ಟ ಉಸ್ತಾದ ಹೇಳಿದ್ರು. ಎಚ್ಚರ ಕೂಡೂದು! ಅದನ್ನು ಯಾವ ಉಸ್ತಾದ ಕಲಿಸಬೇಕಿತ್ತು ಮಗನಿಗೆ, ಸಾಲೋಟಗಿಯ ಹೊಲದಲ್ಲಿ ತೋಳ ಬಾರದಂತೆ ಕುರಿ ಕಾಯುತ್ತ ತಾನೇ ಕಲಿಸಿದ್ದಳಲ್ಲ, ಎಚ್ಚರಿದ್ದವರು ತಮ್ಮ ಕಂಬಳಿ ಮಲಗಿದವರಿಗೆ ಹೊಚ್ಚಬೇಕೋ ಯಪ್ಪಾ, ನಮಗ ಬೆಂಕಿ ಐತಿ, ಓಡಾಡತೇವಿ, ಥಂಡಿ ಹತ್ತಂಗಿಲ್ಲ.

ಆವತ್ತು ಎಚ್ಚರಿದ್ದಾವ ಯಾರಪಾ. ಕೇಳಬಾರದಿತ್ತು, ಕೇಳಿಬಿಟ್ಟಳು, ಸಲ್ಮಾನ ಬಸಿ ಕೆಳಗಿಡುವಾಗ ಚಹಾ ಸಣ್ಣ ಕಂಬಳಿಯ ಮೇಲೆ ಚೆಲ್ಲಿತು. ಯುವರಾಜರಿ. ನನಗ ಜ್ವರ ಇತ್ತು, ಅಲ್ಲಿ ಬೆಂಕಿ ಹಚ್ಚೂ ಹಂಗಿರ್ಲಿಲ್ಲ, ಓಡಾಡೂ ಹಂಗಿರ್ಲಿಲ್ಲ, ಚೀಲದಾಗ ಹೊಕ್ಕು ಮಲಗತೇವಲ್ರಿ, ಸ್ಲೀಪಿಂಗ್ ಬ್ಯಾಗು, ಬೆಳಗಾಗಿ ಕಣ್ಣು ಬಿಟ್ರ ಅವಂದೂ ನನ್ನ ಮ್ಯಾಲಿತ್ತು ಅವ್ವಾ. ಅಳುತ್ತಿದ್ದಾನೆ, ಅಳಬ್ಯಾಡೋ ಎನ್ನಬೇಕು, ನಿನ್ನ ತಪ್ಪಲ್ಲ ಎನ್ನಬೇಕು, ಅತ್ತ ಕುರಿ ಟೊಂಗೆ ಮುರಿಯುತ್ತಿದೆ, ಏಳಬೇಕು, ಕೈ ಸಣ್ಣ ಕಂಬಳಿಯ ಚಹಾ ಒರೆಸುತ್ತಿದೆ — ಸಾಲೋಟಗಿಯ ಹೊಲ, ನಸುಕು, ತನಗೆ ಎಚ್ಚರವಾಗಿದೆ, ಮೈಮೇಲೆ ಎರಡು ಕಂಬಳಿ, ಒಂದು ಸಣ್ಣದು, ಆರಿದ ಬೆಂಕಿಯ ಪಕ್ಕ ಬರೀ ಅಂಗಿಯಲ್ಲಿ ಕೂತ ಪುಟ್ಟ ಯುವರಾಜ, ತುಟಿ ನೀಲಿ, ನಗುತ್ತಾನೆ, ನನಗ ಥಂಡಿ ಹತ್ತಿಲ್ಲವ್ವಾ ಅನ್ನುತ್ತಾನೆ — ಮೈಮೇಲೆ ಎರಡು ಕಂಬಳಿ, ಒಂದು ಸಣ್ಣದು.