ಎರಡು ವರ್ಷದ ಸಹಿ

ಲಿಫ್ಟ್ ತಪಾಸಣೆ ಮಾಡುವವನ ಜೊತೆ ಸಂಸಾರ ಮಾಡುವುದು ಸುಲಭದ ಮಾತಲ್ಲ. ಮನೆಗೆ ಒಂದು ಸ್ಟೂಲು ತಂದರೂ ಅವನು ಅದರ ಮೇಲೆ ಹತ್ತಿ ಇಳಿದು, ನಾಲ್ಕೂ ಕಾಲುಗಳನ್ನು ಅಲ್ಲಾಡಿಸಿ ನೋಡಿ, ಅಡಿಯಲ್ಲಿ ಒಂದು ಬಿಳಿ ಚೀಟಿ ಅಂಟಿಸುತ್ತಿದ್ದ. ತಪಾಸಣೆ ಆಗಿದೆ, ಮುಂದಿನ ತಪಾಸಣೆ ಇಂಥ ತಿಂಗಳು, ಕೆಳಗೆ ಸಹಿ. ಗ್ಯಾಸಿನ ಪೈಪಿಗೆ ಚೀಟಿ, ಫ್ಯಾನಿಗೆ ಚೀಟಿ, ಬಟ್ಟೆ ಒಣಹಾಕುವ ಹಗ್ಗಕ್ಕೂ ಚೀಟಿ. ಮದುವೆಯಾದ ಹೊಸದರಲ್ಲಿ ಹೆಂಡತಿ, ನನ್ನ ಬೆನ್ನಿಗೂ ಒಂದು ಅಂಟಿಸಿಬಿಡಿ ಎಂದು ರೇಗಿಸಿದ್ದಳು. ಆಫೀಸಿನಲ್ಲಿ ಅವನಿಗೆ ಗಡುವಪ್ಪ ಎಂದೇ ಹೆಸರು. ಅವನೆದುರಿಗೇ ಹಾಗೆ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ.

ಗಡುವಪ್ಪನದು ಒಂದೇ ನೇಮ. ತಾನು ಖಾತ್ರಿ ಕೊಡಲಾಗದ ಒಂದು ದಿನಕ್ಕೂ ಅವನು ಸಹಿ ಹಾಕುವವನಲ್ಲ. ಉಕ್ಕಿನ ಹಗ್ಗ ಎರಡರಿಂದ ಮೂರು ವರ್ಷ ಬಾಳುತ್ತದೆ ಎಂದು ತಯಾರಿಸಿದವರು ಬರೆದಿದ್ದರೆ ಅವನ ಪಾಲಿಗೆ ಅದು ಎರಡೇ. ಕಟ್ಟಡದ ಮಾಲೀಕರು ಕೈಮುಗಿದರು, ಕೂಗಾಡಿದರು, ಮೇಲಿನವರಿಂದ ಹೇಳಿಸಿದರು. ಅವನು ಮಾತ್ರ ಹಿಡಿದ ಪಟ್ಟು ಬಿಡದೆ, ಹಗ್ಗಕ್ಕೆ ನಿಮ್ಮ ಪರಿಚಯ ಇಲ್ಲವಲ್ಲ ಎನ್ನುತ್ತಿದ್ದ. ಜನ ಬೈದುಕೊಳ್ಳುತ್ತಲೇ ಅವನು ಸಹಿ ಹಾಕಿದ ಲಿಫ್ಟಿನಲ್ಲಿ ಮಕ್ಕಳನ್ನು ಕರೆದುಕೊಂಡು ನೆಮ್ಮದಿಯಾಗಿ ಹತ್ತುತ್ತಿದ್ದರು.

ಹೆಂಡತಿ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು. ಅವಳ ಶಾಲೆ ಅವನ ಆಫೀಸಿನ ದಾರಿಯಲ್ಲೇ ಬರುತ್ತಿತ್ತು. ಮದುವೆಯಾದಾಗಿನಿಂದ ಬೆಳಿಗ್ಗೆ ಇಬ್ಬರೂ ಒಂದೇ ಕಾರಿನಲ್ಲಿ ಹೊರಡುವುದು, ಸಂಜೆ ಅವನು ಶಾಲೆಯ ಗೇಟಿನ ಮುಂದೆ ಹಾರ್ನ್ ಹೊಡೆಯುವುದು, ಅವಳು ಬ್ಯಾಗು ತುಂಬ ಮಕ್ಕಳ ಪುಸ್ತಕ ಹೊತ್ತು ಬರುವುದು. ಮಕ್ಕಳಿಲ್ಲದ ಮನೆ. ಮನೆಯಲ್ಲಿ ಅವನು ಪೇಪರು ಹಿಡಿದರೆ ಅವಳು ಪುಸ್ತಕ ತಿದ್ದುತ್ತಾ ಕೂರುತ್ತಿದ್ದಳು. ಮಾತು, ಜಗಳ, ರಾಜಿ, ಯಾರ ಮನೆಯ ಯಾವ ಸುದ್ದಿ ಎಂಬುದೆಲ್ಲ ನಡೆಯುತ್ತಿದ್ದದ್ದು ಆ ಕಾರಿನಲ್ಲೇ. ಕಾರಿನ ಸದ್ದೋ, ಪಕ್ಕದ ಬೀದಿಗೂ ಕೇಳುವಂಥದ್ದು. ಅದರ ಮೇಲೆ ಇವರು ಗಂಟಲು ಹರಿದುಕೊಂಡು ಮಾತಾಡುತ್ತಿದ್ದರು. ಬೇಡದ ಪ್ರಶ್ನೆ ಬಂದಾಗ ಅವನು, ಕೇಳಿಸಲಿಲ್ಲ ಎಂದು ಕೈ ಅಲ್ಲಾಡಿಸಿ ಪಾರಾಗುತ್ತಿದ್ದ. ಆ ಒಂದು ಉಪಕಾರಕ್ಕಾಗಿಯೇ ಅವನು ಸೈಲೆನ್ಸರು ರಿಪೇರಿ ಮಾಡಿಸುತ್ತಿಲ್ಲ ಎಂದು ಅವಳ ತಮ್ಮ ಆಡಿಕೊಳ್ಳುತ್ತಿದ್ದ.

ಅವಳಿಗೆ ಕೆಮ್ಮು ಶುರುವಾದಾಗ ಇಬ್ಬರೂ ಸೀಮೆಸುಣ್ಣದ ಪುಡಿಯ ಮೇಲೆ ಗೂಬೆ ಕೂರಿಸಿದರು. ಆಮೇಲೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ತರಗತಿಯಲ್ಲಿ ಕಥೆಯನ್ನು ಜೋರಾಗಿ ಓದುವುದಾಗದೆ, ಮಕ್ಕಳ ಕೈಲಿ ಓದಿಸಿ ತಾನು ಕೂತು ತಿದ್ದತೊಡಗಿದಳು. ಆಸ್ಪತ್ರೆಯಲ್ಲಿ ಅವಳು ಒಳಗಿನ ಕೋಣೆಯಲ್ಲಿ ಉಸಿರಿನ ಪರೀಕ್ಷೆಗೆಂದು ಕೊಳವೆ ಕಚ್ಚಿಕೊಂಡು ಊದುತ್ತಿದ್ದಾಗ ಡಾಕ್ಟರು ಇವನನ್ನು ಪಕ್ಕಕ್ಕೆ ಕರೆದರು. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುತ್ತಿದೆ, ಅದನ್ನು ಹಿಂದಕ್ಕೆ ತರುವ ಔಷಧಿ ಇಲ್ಲ ಎಂದರು. ಎರಡು ವರ್ಷ, ಹೆಚ್ಚೆಂದರೆ ಮೂರು ಎಂದರು. ಧೂಳು, ಹೊಗೆ ತಾಕದಂತೆ ನೋಡಿಕೊಳ್ಳಿ ಎಂದೂ ಸೇರಿಸಿದರು.

ಅವಳು ಹೊರಗೆ ಬಂದಾಗ ಅವನು ಕೊನೆಯ ಮಾತನ್ನಷ್ಟೇ ಹೇಳಿದ. ಹೊಗೆಯಿಂದ ದೂರ ಇದ್ದರೆ ಎಲ್ಲ ಸರಿಹೋಗುತ್ತದಂತೆ. ಹಗ್ಗದ ಒಂದು ಎಳೆ ಸವೆದಿದ್ದರೂ ಮುಚ್ಚಿಡದ ಮನುಷ್ಯ, ಇಷ್ಟು ದೊಡ್ಡ ಮಾತನ್ನು ಹೊಟ್ಟೆಯೊಳಗಿಟ್ಟುಕೊಂಡು ಕಾರಿನ ಬಾಗಿಲು ತೆಗೆದ. ಅವಳು ನಂಬಿದಳು. ಗಂಡ ಸುಳ್ಳು ಹೇಳಬಹುದೆಂಬ ಯೋಚನೆಯೇ ಅವಳಿಗೆ ಎಂದೂ ಬಂದಿರಲಿಲ್ಲ. ಅವನನ್ನು ಸುಟ್ಟದ್ದು ಅದೇ.

ಹಳೆಯ ಕಾರಿನ ನೆಲ ತುಕ್ಕು ಹಿಡಿದು ಹೊಗೆಯೆಲ್ಲ ಒಳಗೇ ಬರುತ್ತಿತ್ತು. ದಾರಿಯುದ್ದಕ್ಕೂ ಅವಳು ಸೆರಗು ಮೂಗಿಗೆ ಒತ್ತಿಕೊಂಡು ಕೂರಬೇಕಾಗಿತ್ತು. ಬೇರೆ ಕಾರು ಬೇಕೇ ಬೇಕು, ಹೊಗೆಯೇ ಇಲ್ಲದ ಎಲೆಕ್ಟ್ರಿಕ್ ಕಾರೇ ಆಗಬೇಕು ಎಂಬ ವಿಷಯದಲ್ಲಿ ಎರಡು ಮಾತಿರಲಿಲ್ಲ. ತಕರಾರು ಬಂದದ್ದು ಬೇರೆ ಕಡೆ. ತಗೊಳ್ಳುವುದಾದರೆ ಕೊಂಡುಕೊಳ್ಳಿ ಭಾವ ಎಂದು ಅವಳ ತಮ್ಮ ತಲೆ ತಿಂದ. ಇವನು ಮಾತ್ರ ಬೇಡ, ಲೀಸಿಗೆ ತಗೊಳ್ಳೋಣ ಎಂದ. ತಿಂಗಳ ಬಾಡಿಗೆ ಕಟ್ಟುವುದು, ಗಡುವು ಮುಗಿದ ಮೇಲೆ ಕಾರು ವಾಪಸು ಕೊಟ್ಟರಾಯಿತು. ಯಾಕೆ ಎಂದರೆ, ಬ್ಯಾಟರಿಗಳು ವರ್ಷವರ್ಷಕ್ಕೆ ಬದಲಾಗುತ್ತವೆ, ಹಾಗೆ ಹೀಗೆ ಎಂದು ಗೊಣಗಿದ. ನಿಜವಾದ ಕಾರಣ ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ದೂರದ ಯಾವುದರ ಬಗ್ಗೆಯೂ ಯೋಚಿಸಲು ಅವನಿಗೆ ಆಗುತ್ತಿರಲಿಲ್ಲ, ಅಷ್ಟೆ.

ಒಂದು ರಜೆಯ ದಿನ ಇಬ್ಬರೂ ಷೋರೂಮಿಗೆ ಹೋದರು. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ಅವಳು ಚಪ್ಪಲಿ ಬಿಡಬೇಕೇನೋ ಎಂದು ಬಾಗಿಲಲ್ಲೇ ನಿಂತಳು. ಮಾರಾಟದ ಹುಡುಗಿ ನಗುನಗುತ್ತಾ ಬಂದು ಅವಳಿಗೆ ಕುರ್ಚಿ ಕೊಟ್ಟು ನೀರು ತಂದಿಟ್ಟಳು. ಇವನು ಕಾರಿನ ಸುತ್ತ ಬಂದು, ಬಾಗಿಲು ಹಾಕಿ ತೆಗೆದು, ಬಗ್ಗಿ ತಳ ನೋಡಿ, ಹುಡುಗಿಯ ಬೆವರಿಳಿಸಿದ. ಒಂದು ಸಲ ಚಾರ್ಜ್ ಮಾಡಿದರೆ ಇವರ ಓಡಾಟಕ್ಕೆ ವಾರ ಪೂರ್ತಿ ಸಾಕು ಎಂದಳು. ಬ್ಯಾಟರಿಗೆ ಎಂಟು ವರ್ಷ ಗ್ಯಾರಂಟಿ ಎಂದಳು. ಅವನು ಅದಕ್ಕೆ ತಲೆದೂಗಲಿಲ್ಲ, ಬೇರೆಯವರ ಗ್ಯಾರಂಟಿಗೆ ಅವನು ತಲೆದೂಗಿದ್ದೇ ಇಲ್ಲ. ಕೊನೆಗೆ ಮೇಜಿನ ಮುಂದೆ ಕೂತಾಗ ಆ ಹುಡುಗಿ, ಲೀಸು ಎರಡು ವರ್ಷಕ್ಕೂ ಇದೆ, ಮೂರಕ್ಕೂ ಇದೆ, ಐದಕ್ಕೂ ಇದೆ, ಯಾವುದು ಮಾಡಲಿ ಎಂದು ಕೇಳಿದಳು.

"ಎರಡು," ಎಂದ ಅವನು, ಆಫೀಸಿನಲ್ಲಿ ಹೇಳುವ ದನಿಯಲ್ಲೇ. "ಅದಕ್ಕಿಂತ ಹೆಚ್ಚಿಗೆ ನಾನು ಸಹಿ ಹಾಕೋದಿಲ್ಲ."

ಬಾಯಿಂದ ಜಾರಿದ ಮೇಲೆ ನಾಲಿಗೆ ಕಚ್ಚಿಕೊಂಡ. ಹುಡುಗಿಗೆ ಏನೂ ಗೊತ್ತಾಗಲಿಲ್ಲ. ಎಲ್ಲರೂ ಮೂರೋ ಐದೋ ತಗೊಳ್ತಾರೆ ಸರ್, ಎರಡು ವರ್ಷ ಅನ್ನೋದು ನೋಡ್ತಾ ನೋಡ್ತಾ ಮುಗಿದುಹೋಗುತ್ತೆ ಎಂದು ತನ್ನ ಪಾಡಿಗೆ ತಾನು ಹೇಳುತ್ತಿದ್ದಳು. ಪಕ್ಕದಲ್ಲಿ ಹೆಂಡತಿ ಕೈಯಲ್ಲಿದ್ದ ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಮನೆಯ ತುಂಬ ಅವನ ಚೀಟಿಗಳ ನಡುವೆ ಬದುಕಿದವಳು. ಅವನ ಎರಡು ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಒಂದ್ಸಲ ಓಡಿಸಿ ನೋಡಬಹುದೇನಮ್ಮ?" ಎಂದು ಅವಳು ಹುಡುಗಿಯನ್ನು ಕೇಳಿದಳು. "ನಾವಿಬ್ಬರೇ."

ಹುಡುಗಿ ಒಪ್ಪಿದಳು. ಇಬ್ಬರೂ ಕಾರು ಹತ್ತಿದರು. ಗುಂಡಿ ಒತ್ತಿದರೆ ಕಾರು ಹೊರಟಿತೋ ಇಲ್ಲವೋ ತಿಳಿಯದು, ಗೋಡೆ ಹಿಂದಕ್ಕೆ ಸರಿದಾಗಲೇ ಗೊತ್ತು. ರಸ್ತೆಗೆ ಬಂದು, ಸಿಗ್ನಲ್ ದಾಟಿ, ಮರಗಳಿರುವ ಉದ್ದನೆಯ ಬೀದಿಗೆ ತಿರುಗಿದರು. ಆಗ ಅವನಿಗೆ ಒಂದು ಸದ್ದು ಕೇಳಿಸಿತು. ಒಣಗಿದ ಎಲೆಗಳನ್ನು ಯಾರೋ ಮೆಲ್ಲಗೆ ತುಳಿದಂತೆ. ಯಂತ್ರದ ಸದ್ದಿಗೆ ಕಿವಿ ಕೊಟ್ಟೇ ಅನ್ನ ಸಂಪಾದಿಸಿದವನು. ಚಕ್ರವೋ, ಬ್ರೇಕೋ ಎಂದು ಹುಡುಕಿದ. ಅದು ಕಾರಿನದಾಗಿರಲಿಲ್ಲ. ಅವಳು ಉಸಿರೆಳೆದುಕೊಳ್ಳುವ ಸದ್ದು. ಹಳೆಯ ಕಾರಿನ ಅಬ್ಬರದಲ್ಲಿ ಇಷ್ಟು ತಿಂಗಳೂ ಅವನಿಗೆ ಅದು ಕೇಳಿಸಿಯೇ ಇರಲಿಲ್ಲ.

"ಡಾಕ್ಟ್ರು ಎಷ್ಟು ಅಂದ್ರು?" ಎಂದಳು.

ಅವನು ರಸ್ತೆ ನೋಡುತ್ತಿದ್ದ.

"ರೀ, ಈ ಗಾಡೀಲಿ ಕೇಳಿಸ್ಲಿಲ್ಲ ಅನ್ನೋ ಹಾಗಿಲ್ಲ."

ಅವನು ಕಾರನ್ನು ಒಂದು ಮರದ ಕೆಳಗೆ ನಿಲ್ಲಿಸಿದ. ಪೆಡಲಿನಿಂದ ಕಾಲು ತೆಗೆದದ್ದಷ್ಟೇ, ತಾನೇ ನಿಧಾನವಾಗಿ ನಿಂತಿತು. ಸ್ಟೀರಿಂಗಿನ ಮೇಲಿನ ಕೈ ತೆಗೆಯದೆ, "ಎರಡು, ಹೆಚ್ಚೆಂದ್ರೆ ಮೂರು ಅಂದ್ರು," ಎಂದ.

"ಮೂರು ಅಂತಲೂ ಅಂದ್ರಲ್ಲ. ನೀವು ಎರಡೇ ಹಿಡಿದ್ರಿ."

"ಕಡಿಮೇದನ್ನೇ ಹಿಡೀಬೇಕು," ಎಂದ ಅವನು. "ಅಭ್ಯಾಸ."

ಅವಳಿಗೆ ನಗು ಬಂತು. ನಗು ಕೆಮ್ಮಾಗಿ, ಕೆಮ್ಮು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಬೆನ್ನು ಸವರಿದ. ಅವಳು ಅಳುತ್ತಾಳೆಂದು ಕಾದ, ತನ್ನನ್ನು ಬೈಯುತ್ತಾಳೆಂದು ಕಾದ. ಬೈದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ಕಿಟಕಿಯ ಆಚೆ ನೋಡಿದಳು. ಎದುರು ಮನೆಯಲ್ಲಿ ಯಾರೋ ಹೆಂಗಸು ಚಾಪೆ ಕೊಡವುತ್ತಿದ್ದಳು. ಧೂಳು ಬರುತ್ತದೆಂದು ಅವನು ಗಾಜು ಏರಿಸಿದ.

"ನನಗೆ ಹೇಳಬೇಕಿತ್ತು ನೀವು," ಎಂದಳು ಕೊನೆಗೆ. "ಅದಿರಲಿ. ಅದಕ್ಕೆ ಆಮೇಲೆ ಜಗಳ ಆಡ್ತೀನಿ. ಈಗ ಇದನ್ನ ಹೇಳಿ. ಎರಡು ವರ್ಷ ಆದ್ಮೇಲೆ ನೀವು ಕೆಲಸಕ್ಕೆ ಯಾವುದ್ರಲ್ಲಿ ಹೋಗ್ತೀರಾ?"

ಅದನ್ನು ಯೋಚಿಸಿಲ್ಲ ಎಂದ. ಅದು ನಿಜವಾಗಿತ್ತು. ಅವಳಿಲ್ಲದ ಒಂದು ಬೆಳಿಗ್ಗೆಯನ್ನು, ಆ ಗೇಟಿನ ಮುಂದೆ ನಿಲ್ಲದೆ ಸೀದಾ ಹೋಗುವ ಒಂದು ಕಾರನ್ನು ಅವನು ಒಮ್ಮೆಯೂ ಮನಸ್ಸಿಗೆ ತಂದುಕೊಂಡಿರಲಿಲ್ಲ.

"ಯೋಚಿಸಿದ್ದೀರಿ," ಎಂದಳು ಅವಳು. "ಅದಕ್ಕೇ ಎರಡು ಸಾಕು ಅಂದಿದ್ದು. ನನ್ನ ಗಡುವು ಡಾಕ್ಟ್ರು ಬರೆದ್ರು, ಆಯ್ತು. ನಿಮ್ಮದನ್ನೂ ಅದಕ್ಕೇ ಕಟ್ಟೋಕೆ ನಿಮಗ್ಯಾರು ಹೇಳಿದ್ರು? ನಿಮಗೆ ರಿಟೈರ್ ಆಗೋಕೆ ಇನ್ನೂ ಎಂಟು ವರ್ಷ ಇದೆ. ಈ ಬ್ಯಾಟರಿಗೂ ಎಂಟು ಅಂದ್ಲು ಆ ಹುಡುಗಿ. ಕೊಂಡುಕೊಳ್ಳಿ. ವಾಪಸ್ ಕೊಡೋ ಗಾಡೀಲಿ ನಾನು ಕೂರಲ್ಲ."

ಆಗ ಅವನು ಅತ್ತ. ಗಂಡಸರು ಅಳುವಾಗ ಮುಖ ಮರೆಸಿಕೊಳ್ಳುತ್ತಾರೆ. ಇವನಿಗೆ ಅದೂ ತೋಚಲಿಲ್ಲ. ಸ್ಟೀರಿಂಗ್ ಹಿಡಿದುಕೊಂಡೇ, ರಸ್ತೆ ನೋಡುತ್ತಲೇ ಅತ್ತ. ಅವಳು ಅವನ ಮೊಣಕೈ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ತಡವಾಯಿತೆಂದು ಮಾರಾಟದ ಹುಡುಗಿಯ ಫೋನು ಬಂದಾಗ ಅವಳೇ ಎತ್ತಿ, ಬರ್ತಾ ಇದ್ದೀವಮ್ಮ, ಇವರಿಗೆ ಗಾಡಿ ಹಿಡಿಸಿದೆ ಎಂದಳು.

ಕೊಂಡ ಕಾರು ಮನೆಗೆ ಬಂತು. ಅಪಾರ್ಟ್‌ಮೆಂಟಿನ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಗೋಡೆಗೆ ಚಾರ್ಜರು ಕೂರಿಸಿದರು. ಗಡುವಪ್ಪ ಅದರ ವೈರನ್ನು ಎಳೆದು ನೋಡಿ, ಮುಟ್ಟಿ ಬಿಸಿಯಾಗಿದೆಯೇ ಎಂದು ನೋಡಿ, ಚೀಟಿ ಅಂಟಿಸಿದ. ಕಾರಿಗೆ ಮಾತ್ರ ಅಂಟಿಸಲಿಲ್ಲ. ಅದಕ್ಕೆಂದು ತೆಗೆದ ಚೀಟಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತು, ಏನು ಬರೆಯಬೇಕೆಂದು ತೋಚದೆ, ಖಾಲಿಯಾಗಿಯೇ ಕಾರಿನ ಮುಂದಿನ ಖಾನೆಗೆ ಹಾಕಿದ. ಬೆಳಿಗ್ಗೆ ಇಬ್ಬರೂ ಹೊರಡುತ್ತಿದ್ದರು. ಕೂಗಿ ಮಾತಾಡುವ ಅಗತ್ಯವೇ ಇಲ್ಲದ್ದರಿಂದ ಮೊದಮೊದಲು ಏನು ಮಾತಾಡಬೇಕೆಂದೇ ಇಬ್ಬರಿಗೂ ತಿಳಿಯಲಿಲ್ಲ. ಆಮೇಲೆ ಅವಳು ಹೇಳಿದಂತೆಯೇ ಜಗಳವಾಡಿದಳು. ನನ್ನಿಂದ ಮುಚ್ಚಿಟ್ಟಿರಲ್ಲ ಎಂದು ಒಂದು ವಾರ ಪೂರ್ತಿ, ಮೆಲ್ಲನೆಯ ದನಿಯಲ್ಲಿ, ಹೋಗುವಾಗಲೂ ಬರುವಾಗಲೂ. ಅವನು ಒಂದು ಮಾತನ್ನೂ ತಪ್ಪಿಸಿಕೊಳ್ಳದೆ ಕೇಳಿದ.

ಜಗಳ ಮುಗಿದ ಮಾರನೆಯ ದಿನ ಅವಳು ಕರವಸ್ತ್ರ ಹುಡುಕುತ್ತಾ ಆ ಖಾನೆ ತೆಗೆದಳು. ಚೀಟಿ ಸಿಕ್ಕಿತು. ಶಾಲೆಯ ಗೇಟು ಬಂದಿತ್ತು, ಮಕ್ಕಳು ಬ್ಯಾಗು ಹೊತ್ತು ಒಳಗೆ ಓಡುತ್ತಿದ್ದರು. ಅವಳು ಇಳಿಯದೆ, ಪುಸ್ತಕ ತಿದ್ದುವ ಕೆಂಪು ಪೆನ್ನು ತೆಗೆದು, ಬ್ಯಾಗನ್ನೇ ಮಣೆ ಮಾಡಿಕೊಂಡು ಬರೆದಳು. ಒಂದನೇ ತರಗತಿಯ ಟೀಚರ ಅಕ್ಷರ, ದುಂಡಗೆ, ದೂರದಿಂದಲೂ ಓದುವ ಹಾಗೆ.

ಮುಂದಿನ ತಪಾಸಣೆ: ನಾಳೆ ಬೆಳಿಗ್ಗೆ.

"ಸಹಿ ಹಾಕಿ," ಎಂದು ಪೆನ್ನು ಅವನ ಕೈಗಿತ್ತಳು. "ಇಷ್ಟಕ್ಕಾದ್ರೂ ಖಾತ್ರಿ ಕೊಡ್ತೀರಿ ತಾನೇ?"

ಅವನು ಕೂಡಲೇ ಹಾಕಲಿಲ್ಲ. ಅವನ ಜಾಯಮಾನವೇ ಅದಲ್ಲ. ಆ ನಿಶ್ಶಬ್ದದಲ್ಲಿ ಅವಳ ಉಸಿರಿಗೆ ಕಿವಿಗೊಟ್ಟು ಕೂತ. ಎಳೆದುಕೊಳ್ಳುವಾಗ ಆ ಸಣ್ಣ ಸದ್ದು, ಬಿಡುವಾಗ ಇನ್ನೂ ಸಣ್ಣ ಸದ್ದು. ಹೆಚ್ಚೂ ಆಗಿಲ್ಲ, ನಿನ್ನೆಗಿಂತ ಬದಲೂ ಆಗಿಲ್ಲ. ನಾಳೆ ಬೆಳಿಗ್ಗೆಯವರೆಗೆ ಹೇಳಬಹುದು ಅನ್ನಿಸಿತು. ಸಹಿ ಹಾಕಿ ಚೀಟಿಯನ್ನು ಅವಳ ಕೈಗೇ ಕೊಟ್ಟ.

ಅವಳು ಹಿಂದಿನ ಕಾಗದ ಸುಲಿದಳು. ತನ್ನ ಕಡೆ ಅಂಟಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದ. ಅವಳು ಅವನ ಮುಂದಕ್ಕೆ ಬಾಗಿ, ಸ್ಟೀರಿಂಗಿನ ಹಿಂದೆ, ಓಡಿಸುವವನ ಕಣ್ಣಿಗೆ ಬಿದ್ದೇ ಬೀಳುವ ಜಾಗದಲ್ಲಿ ಒತ್ತಿ ಅಂಟಿಸಿದಳು.

"ನನ್ನ ನಾಳೆಗಲ್ಲ ನೀವು ಸಹಿ ಹಾಕಿದ್ದು, ನಿಮ್ಮ ನಾಳೆಗೆ," ಎಂದಳು. "ನಾನು ಪಕ್ಕದಲ್ಲಿ ಇರಲಿ, ಇಲ್ಲದೇ ಇರಲಿ, ದಿನಾ ಬೆಳಿಗ್ಗೆ ಇದನ್ನ ಓದಿಕೊಂಡು ಕೆಲಸಕ್ಕೆ ಹೋಗಬೇಕು. ನಿಮ್ಮ ಸಹಿ ಸುಳ್ಳಾಗಬಾರದು."

ಅವಳು ಇಳಿದು, ಗೇಟಿನ ಕಂಬ ಹಿಡಿದು ಒಂದು ಗಳಿಗೆ ಸುಧಾರಿಸಿಕೊಂಡು, ಒಳಗೆ ಹೋದಳು. ಒಂದು ಮಗು ಬಂದು ಅವಳ ಬ್ಯಾಗಿನ ಒಂದು ಹಿಡಿ ಹಿಡಿದುಕೊಂಡಿತು. ಅವರಿಬ್ಬರೂ ಮೆಟ್ಟಿಲು ಹತ್ತಿ ಮುಗಿಸುವವರೆಗೆ ಅವನು ಅಲ್ಲೇ ಇದ್ದ. ಆಮೇಲೆ ಚೀಟಿಯನ್ನು ಒಂದು ಸಲ ಓದಿ, ಕಾರು ತಿರುಗಿಸಿಕೊಂಡು ಆಫೀಸಿಗೆ ಹೋದ.